ವಿಡಿಯೊ ಆಫ್ ಮಾಡಿದ ಮೇಲೆ ಥೆರಪಿ ಶುರುವಾಯಿತು

"ಫೋನಲ್ಲಿ ಮಾತಾಡಿದರೆ ಮನಸ್ಸು ಸರಿಹೋಗುತ್ತಾ?" ಅಂತ ಅಣ್ಣ ಕೇಳಿದ್ದ. ಹೆಂಡತಿಗೂ ನಂಬಿಕೆ ಇರಲಿಲ್ಲ. ಒಂಬತ್ತು ತಿಂಗಳಲ್ಲಿ ಆನ್‌ಲೈನ್ ಥೆರಪಿಯ ಹತ್ತೊಂಬತ್ತೋ ಇಪ್ಪತ್ತೋ ಸೆಷನ್ ಆಯಿತು. ಫಲ ಸಿಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋಮ್ಸ್ ಮತ್ತು ರಾಹೆ ಅನ್ನುವ ಮನೋವೈದ್ಯರು 1967ರಲ್ಲಿ ಮಾಡಿದ ಒತ್ತಡದ ಪಟ್ಟಿಯೊಂದಿದೆ, ಬದುಕಿನ ಒಂದೊಂದು ಬದಲಾವಣೆಗೂ ಇಷ್ಟಿಷ್ಟು ಅಂಕ. ಅದರ ಲೆಕ್ಕದಲ್ಲಿ ಮನೆ ಬದಲಾಯಿಸಿದ್ದಕ್ಕೆ 20, ಬೇರೆಯದೇ ಕೆಲಸಕ್ಕೆ ಸೇರಿದ್ದಕ್ಕೆ 36, ಹೆಂಡತಿ ಜೊತೆ ಜಗಳ ಜಾಸ್ತಿಯಾಗಿದ್ದಕ್ಕೆ 35, ಅಪ್ಪ ತೀರಿಕೊಂಡಿದ್ದಕ್ಕೆ 63. ಒಟ್ಟು 154. ಎಲ್ಲವೂ ಒಂದೇ ವರ್ಷದಲ್ಲಿ. ಆತಂಕ ಅಳೆಯುವ ಜಿಎಡಿ-7 ಅನ್ನುವ ಪ್ರಶ್ನಾವಳಿ ತುಂಬಿದಾಗ 16 ಬಂತು. ಅದರಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತೀವ್ರ ಆತಂಕದ ಲೆಕ್ಕ.

ಮೊದಲು ದುಡ್ಡು ಹೋದ ಕಥೆ ಹೇಳಿಬಿಡುತ್ತೇನೆ. ಮೊದಲನೇ ಥೆರಪಿಸ್ಟ್ ಹತ್ತಿರ ಹತ್ತು ಸೆಷನ್ನಿನ ಪ್ಯಾಕೇಜ್ ತೆಗೆದುಕೊಂಡೆ. ರಿಯಾಯಿತಿ ಇತ್ತು, ಮುಂಗಡ ಕಟ್ಟಿದೆ. ಅವರು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದರು. ಆದರೆ ನಾಲ್ಕು ಸೆಷನ್ ಆದರೂ ಕೇಳಿಸಿಕೊಳ್ಳುವುದನ್ನು ಬಿಟ್ಟು ಬೇರೇನೂ ನಡೆಯಲಿಲ್ಲ. ಉಳಿದ ಆರರ ದುಡ್ಡು ವಾಪಸ್ ಬರಲಿಲ್ಲ. ಎರಡನೆಯದು ಬರೀ ಚಾಟ್, ತಿಂಗಳ ಚಂದಾ. ರಾತ್ರಿ ಹತ್ತಕ್ಕೆ ಸಿಟ್ಟಲ್ಲಿ ಬರೆದರೆ ಉತ್ತರ ಮಾರನೇ ದಿನ ಮಧ್ಯಾಹ್ನ. ಅಷ್ಟರಲ್ಲಿ ಇನ್ನೊಂದು ಜಗಳ ಆಗಿರುತ್ತಿತ್ತು. ಎರಡು ತಿಂಗಳಿಗೆ ಬಿಟ್ಟೆ. ಇಲ್ಲಿಯವರೆಗೆ ಥೆರಪಿಗೆ ಹಾಕಿದ ದುಡ್ಡಲ್ಲಿ ಸುಮಾರು ಮೂರನೇ ಒಂದು ಭಾಗ ಈ ಎರಡಕ್ಕೇ ಹೋಯಿತು. ಮೂರು ಸೆಷನ್ ಮುಗಿಯುವ ತನಕ ಪ್ಯಾಕೇಜ್ ಕೊಳ್ಳಲೇಬೇಡಿ.

ಮೂರನೆಯವರನ್ನು ಆರಿಸುವಾಗ ಮೊದಲ ಮಾತುಕತೆಯಲ್ಲೇ ಎರಡು ಪ್ರಶ್ನೆ ಕೇಳಿದೆ. ಒಂದು: "ನನಗೆ ಉಪಯೋಗ ಆಗುತ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಅವರು ತಕ್ಷಣ ಹೇಳಿದರು, ಎರಡು ವಾರಕ್ಕೊಮ್ಮೆ ಅಂಕ ನೋಡೋಣ, ಆರು ಸೆಷನ್ನಿಗೆ ಇಳಿಯದಿದ್ದರೆ ದಾರಿ ಬದಲಿಸೋಣ ಅಂತ. ಇನ್ನೊಂದು ಪ್ರಶ್ನೆ ನನ್ನ ಹತ್ತಿರವೇ ಇರಲಿ.

ಆದರೂ ಮೊದಲ ಎರಡು ಸೆಷನ್ ನೀರಸವಾಗಿದ್ದವು. ತಪ್ಪು ಅವರದ್ದಲ್ಲ, ನಾನು ಕೂತ ಜಾಗದ್ದು. ಮಲಗುವ ಕೋಣೆಯಲ್ಲಿ ಕೂತಿದ್ದೆ, ಪಕ್ಕದಲ್ಲೇ ಹೆಂಡತಿ ಓಡಾಡುತ್ತಿದ್ದಳು. ಅವಳ ಜೊತೆಗಿನ ಜಗಳದ ಬಗ್ಗೆ ಪಿಸುಗುಟ್ಟಿಕೊಂಡು ಏನು ಹೇಳಲಿ? ಪರದೆಯಲ್ಲಿ ನನ್ನ ಮುಖವನ್ನೇ ನೋಡುತ್ತಾ ಮಾತು ತೂಗಿ ತೂಗಿ ಆಡುತ್ತಿದ್ದೆ. ಮೂರನೇ ಸಲ ನಿಲ್ಲಿಸಿದ್ದ ಕಾರಿನೊಳಗೇ ಕೂತೆ. ಕಿಟಕಿ ಏರಿಸಿ, ವಿಡಿಯೊ ಆಫ್ ಮಾಡಿ, ಮೈಕ್ ಇರುವ ಹೆಡ್‌ಸೆಟ್ ಹಾಕಿಕೊಂಡೆ. ಅಪ್ಪನ ಬಗ್ಗೆ ಅವತ್ತೇ ಮೊದಲು ಅತ್ತಿದ್ದು. ಹೆಡ್‌ಸೆಟ್ಟಿಗೆ ಆದ ಖರ್ಚು ಒಂದು ಸೆಷನ್ನಿನ ಅರ್ಧಕ್ಕಿಂತ ಕಡಿಮೆ. ಇಷ್ಟು ಲಾಭ ಬೇರೆ ಯಾವುದರಲ್ಲೂ ಬರಲಿಲ್ಲ.

ಇನ್ನೊಂದು ಕೆಲಸ ಮಾಡಿದೆ. ಇಡೀ ವಾರದ ಕಥೆ ಹೇಳುವುದನ್ನು ಬಿಟ್ಟು ಒಂದೇ ಘಟನೆ ಆರಿಸಿಕೊಂಡೆ. ಹಿಂದಿನ ರಾತ್ರಿ ಮೂರು ಸಾಲು ಕಳಿಸುತ್ತಿದ್ದೆ: ಏನಾಯಿತು, ನಾನು ಏನಂದೆ, ಆಗ ಮೈಯಲ್ಲಿ ಏನಾಯಿತು. ಐವತ್ತು ನಿಮಿಷದಲ್ಲಿ ಹದಿನೈದು ಉಳಿಯುತ್ತಿತ್ತು. ಅಂದರೆ ಫೀಸಿನಲ್ಲೂ ಅಷ್ಟೇ ಪಾಲು.

ಜಗಳ ಬಿಸಿಯೇರಿದಾಗ ಇಪ್ಪತ್ತು ನಿಮಿಷ ದೂರ ಹೋಗುವುದು ಎಲ್ಲರಿಗೂ ಗೊತ್ತಿರುವ ಉಪಾಯ. ನನ್ನ ಕೈಯಲ್ಲಿ ಅದು ಕೆಟ್ಟಿತು. ನಾನು ಸುಮ್ನೆ ಎದ್ದು ಹೋಗುತ್ತಿದ್ದೆ, ಹೆಂಡತಿಗೆ ಅದು ಬಿಟ್ಟುಹೋದ ಹಾಗೆ ಅನಿಸುತ್ತಿತ್ತು. ಆಮೇಲೆ ಹೋಗುವ ಮೊದಲು ಗಡಿಯಾರ ನೋಡಿ "8.20ಕ್ಕೆ ಬರ್ತೀನಿ" ಅನ್ನಲು ಶುರು ಮಾಡಿದೆ. 8.20ಕ್ಕೆ ಸರಿಯಾಗಿ ಬಂದು ಕೂರುತ್ತಿದ್ದೆ. ಈ ಮಾರ್ಪಾಡು ನನ್ನದೇ. ನಮ್ಮ ಥೆರಪಿಸ್ಟ್ ಕೂಡ ಬರೆದುಕೊಂಡರು. ಬಂದು ಕೂತ ಮೇಲೆ ಮೊದಲು ಆಡುವ ಮಾತೊಂದಿದೆ, ಅದು ನಮ್ಮಿಬ್ಬರದು.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ ಹೇಳಿದ ರೀತಿಯಲ್ಲಿ ನಾಲ್ಕು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಮನಸ್ಸಿನ ನೋವನ್ನೇ ಬರೆದೆ. ಮಲಗುವ ಮುಂಚೆ ಬರೆದು ಎರಡು ರಾತ್ರಿ ನಿದ್ದೆ ಹಾಳಾಯಿತು. ಸಂಜೆಗೆ ಬದಲಿಸಿದ ಮೇಲೆ ಹಗುರವಾಯಿತು. ದಿನಾ ಸಂಜೆ ಆರಕ್ಕೆ ಹದಿನೈದು ನಿಮಿಷ ಚಿಂತೆಗೇ ಮೀಸಲಿಟ್ಟೆ. ಆಫೀಸಿನ ಚಿಂತೆ ಆ ಹೊತ್ತಿನವರೆಗೆ ಕಾಯುತ್ತಿತ್ತು, ಅಪ್ಪನ ನೆನಪು ಕಾಯಲಿಲ್ಲ. ಅದಕ್ಕೆ ಟೈಂಟೇಬಲ್ ಹಾಕುವುದನ್ನೇ ಕೈಬಿಟ್ಟೆ.

ಒಂದು ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ಪಿಎಚ್‌ಕ್ಯೂ-9 ಅನ್ನುವ ಖಿನ್ನತೆಯ ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆಗೆ, ಅಂದರೆ ಸಾಯುವ ಯೋಚನೆಯ ಪ್ರಶ್ನೆಗೆ, ಸೊನ್ನೆ ಬರದಿದ್ದರೆ ಮುಂದಿನ ಸೆಷನ್ ತನಕ ಕಾಯಬೇಡಿ. ಅವತ್ತೇ ಹತ್ತಿರದವರಿಗೆ ಹೇಳಿ, ಡಾಕ್ಟರನ್ನು ಎದುರಿಗೇ ಕಾಣಿ.

ಆರು ಸೆಷನ್ ಆದಾಗ ನನ್ನ ಜಿಎಡಿ-7 ಅಂಕ ಸುಮಾರು 12. ಅಪ್ಪ ಹೋಗಿ ವರ್ಷ ತುಂಬಿದ ವಾರ ಮತ್ತೆ ಏರಿತು, 14 ಇರಬೇಕು. ಈಗ ಆರೋ ಏಳೋ. ವಾರಕ್ಕೊಂದು ಇದ್ದ ಸೆಷನ್ ತಿಂಗಳಿಗೊಂದಕ್ಕೆ ಬಂದಿದೆ.

ಹೋದ ತಿಂಗಳು ಹೆಂಡತಿ ತಾನೂ ಶುರು ಮಾಡುತ್ತೇನೆ ಅಂದಳು. ನಮ್ಮ ಥೆರಪಿಸ್ಟ್ ಇಬ್ಬರನ್ನೂ ಬೇರೆ ಬೇರೆಯಾಗಿ ನೋಡಲು ಒಪ್ಪಲಿಲ್ಲ, ಒಬ್ಬರ ಗುಟ್ಟು ಇನ್ನೊಬ್ಬರ ಮಾತಿಗೆ ಅಡ್ಡ ಬರುತ್ತದೆ ಅಂದರು. ಅವಳು ಬೇರೆಯವರನ್ನು ಹುಡುಕಿಕೊಂಡಳು. ಈಗ ಬುಧವಾರ ಸಂಜೆ ಏಳಕ್ಕೆ ಹೆಡ್‌ಸೆಟ್ ಮತ್ತು ಕಾರಿನ ಕೀ ಅವಳ ಕೈಯಲ್ಲಿ.