ಹಳೇ ಸಿಮೆಂಟ್ ಶೀಟು ಒಡೆಯದೆ ಇಳಿಸಿದ್ದು

ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಮನೆಯ ಹಿಂದಿನ ಅಡುಗೆಮನೆ, ಬಚ್ಚಲಿಗೆ ಅಪ್ಪ ಹಾಕಿಸಿದ್ದು ಬೂದುಬಣ್ಣದ ಸಿಮೆಂಟ್ ಶೀಟು. ಅದನ್ನು ತೆಗೆಸಿ ಮೋಲ್ಡ್ ಹಾಕಿಸಬೇಕಿತ್ತು. ಮೇಸ್ತ್ರಿಯ ಲೆಕ್ಕ ಸರಳ: ಸುತ್ತಿಗೆಯಲ್ಲಿ ನಾಲ್ಕು ಏಟು, ಮಧ್ಯಾಹ್ನದೊಳಗೆ ಎಲ್ಲ ನೆಲಕ್ಕೆ. ಬೇಡ, ಇದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒಡೆಯಬಾರದು ಅಂದೆ. "ಅಕ್ಕಾ, ಇಷ್ಟು ವರ್ಷ ಇದರ ಕೆಳಗೇ ಉಂಡು ಮಲಗಿದ್ದೀರಿ, ಈಗೇನು ಹೊಸಾ ಭಯ?" ಅಂದ.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಶೀಟು ಗಟ್ಟಿಯಾಗಿರುವವರೆಗೆ ಕಲ್ನಾರಿನ ಎಳೆಗಳು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತವೆ. ಒಡೆದಾಗ, ಕೊರೆದಾಗ, ಕಟಿಂಗ್ ಮಿಷನ್ ಇಟ್ಟಾಗ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗಾಳಿಗೆ ಏಳುತ್ತವೆ. ಉಸಿರಿನಲ್ಲಿ ಒಳಗೆ ಹೋದವುಗಳಿಂದ ಕ್ಯಾನ್ಸರ್ ಆಗುವುದಿದ್ದರೆ ಅದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 20–40 ವರ್ಷದ ಮೇಲೆ. ಒಡೆದ ದಿನ ಯಾರಿಗೂ ಏನೂ ಆಗುವುದಿಲ್ಲವಲ್ಲ, ಅದಕ್ಕೇ ಕೆಲಸದವರು ನಂಬುವುದಿಲ್ಲ. ಮೇಲಾಗಿ ಬಿಳಿ ಕಲ್ನಾರಿನ ಶೀಟನ್ನು ನಮ್ಮ ದೇಶದಲ್ಲಿ ನಿಷೇಧಿಸಿಲ್ಲ, ಅಂಗಡಿಯಲ್ಲಿ ಈಗಲೂ ಸಿಗುತ್ತದೆ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ.

ಬರೀ ಕಣ್ಣಿನಲ್ಲಿ ನೋಡಿ ಶೀಟಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ಹೇಳಲಾಗದು, ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಬೇಕು. ಹಳೇ ಶೀಟು, ಅಪ್ಪನ ಕಾಲದ್ದು. ಇದೆ ಅಂತಲೇ ಹಿಡಿದು ಹೊರಟೆ.

ಧೂಳು ಏಳದ ಹಾಗೆ ಶೀಟು ನೆನೆಸಲು ಅಡಿಕೆ ತೋಟದ ನಮ್ಮ ಭಾವನವರ ಔಷಧಿ ಹೊಡೆಯುವ ಪಂಪು ತರಿಸಿ, ಚೆನ್ನಾಗಿ ತೊಳೆದು, ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದೆವು. ಬರೀ ನೀರು ಶೀಟಿನ ಮೇಲಿಂದ ಜಾರಿ ಹೋಗುತ್ತದೆ, ಸೋಪಿದ್ದರೆ ಒಳಗಿಳಿಯುತ್ತದೆ. ಮಂಜಿನ ಹಾಗೆ ಬೀಳಬೇಕು. ಪೈಪ್ ಹಿಡಿದು ಜೋರಾಗಿ ಬಿಟ್ಟರೆ ಮೇಲಿನ ಪದರವೇ ಕಿತ್ತು ಬರುತ್ತದೆ. ಪಾಚಿ ಕೆರೆಯುವುದೂ ಬೇಡ.

ಶೀಟಿನ ಮೇಲೆ ಯಾರೂ ಕಾಲಿಡಕೂಡದು ಅಂದಿದ್ದೆ. ಹಳೇ ಶೀಟು, ಅದೂ ಒದ್ದೆ. ಧೂಳಿಗಿಂತ ಮೊದಲು ಅದೇ ಆಳನ್ನು ಬಲಿ ತೆಗೆದುಕೊಳ್ಳುತ್ತದೆ. ಒಳಗಡೆ ಸಾರ್ವೆ ಕಟ್ಟಿಸಿ ಕೆಳಗಿನಿಂದಲೇ ಕೆಲಸ. ಶೀಟನ್ನು ಅದರ ಕೆಳಗಿನ ಪೈಪಿಗೆ ಬಿಗಿದಿದ್ದ ಜೆ ಹುಕ್ಕಿನ ನಟ್ಟುಗಳೆಲ್ಲ ತುಕ್ಕು ಹಿಡಿದು ಜಾಮ್. ತಿರುಗಿಸಲು ಹೋದರೆ ತೂತಿನ ಸುತ್ತ ಚಕ್ಕೆ ಏಳುತ್ತಿತ್ತು. ಹಾಗಾಗಿ ಹುಕ್ಕನ್ನು ಒಳಗಡೆಯಿಂದ, ಪೈಪಿನ ಹತ್ತಿರ, ಬೋಲ್ಟ್ ಕಟರ್‌ನಲ್ಲಿ ತುಂಡರಿಸಿ, ಇಬ್ಬರು ಎರಡೂ ತುದಿ ಹಿಡಿದು ಶೀಟು ಇಳಿಸಿದರು. ಎಸೆಯುವುದು, ಎಳೆಯುವುದು ಇಲ್ಲ. ಕಟಿಂಗ್ ಮಿಷನ್ನನ್ನು ಬೆಳಗ್ಗೆಯೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ!

ಮೂಗಿಗೆ ಟವೆಲ್ ಕಟ್ಟಿಕೊಂಡರೆ ಇದಕ್ಕೆ ಏನೂ ಉಪಯೋಗವಿಲ್ಲ. ತೀರಾ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ ಮಾಸ್ಕ್ ತರಿಸಿದ್ದೆ. ಅದು ಕೆನ್ನೆಗೆ ಅಂಟಿ ಕೂರಬೇಕು, ಗಡ್ಡವಿದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಒಬ್ಬ ಹುಡುಗ ತಿರುಪತಿಗೆ ಮುಡಿ ಹರಕೆ ಹೊತ್ತವನು, ಗಡ್ಡ ಬೋಳಿಸಲಾರ. ಅವನನ್ನು ಬೀದಿ ಬಾಗಿಲ ಕಡೆ ನೀರು, ಪ್ಲಾಸ್ಟಿಕ್ ಒದಗಿಸಲು ಬಿಟ್ಟೆವು.

ಇಳಿಸಿದ ಶೀಟುಗಳನ್ನು ಒದ್ದೆಯಿದ್ದಾಗಲೇ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಿದೆವು. ಕೃಷಿ ಹೊಂಡಕ್ಕೆ ಹಾಸುವಷ್ಟು ದಪ್ಪ ಬೇಕಿಲ್ಲ, 200 ಮೈಕ್ರಾನ್ ಸಾಕು. ಮುರಿದ ಚೂರು, ನೆಲ ಒರೆಸಿದ ಬಟ್ಟೆ ಮುಚ್ಚಳವಿದ್ದ ಡ್ರಮ್ಮಿಗೆ. ಪೊರಕೆ ಮುಟ್ಟಲಿಲ್ಲ, ಒದ್ದೆ ಬಟ್ಟೆಯಲ್ಲೇ ಒರೆಸಿದ್ದು. ಆಳುಗಳು ಅಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿದರು. ಆ ಬಟ್ಟೆ ಮನೆಗೆ ಹೋದರೆ ಒಗೆಯುವ ಹೆಂಗಸು ಅದನ್ನು ಕೊಡವುತ್ತಾಳೆ.

ಪಕ್ಕದ ಬೀದಿಯ ಹಿರಿಯರೊಬ್ಬರು ಬಂದು, "ಚೆನ್ನಾಗೇ ಇದಾವಲ್ಲಮ್ಮ, ದನದ ಕೊಟ್ಟಿಗೆಗೆ ಕೊಡು" ಅಂದರು. ಕೊಡಲಿಲ್ಲ. ಕೊಟ್ಟಿದ್ದರೆ ಅಳತೆಗೆ ಕತ್ತರಿಸುತ್ತಿದ್ದರು, ಹೊಸ ತೂತು ಕೊರೆಯುತ್ತಿದ್ದರು. ಅವರಿಗೆ ಸ್ವಲ್ಪ ಬೇಜಾರೇ ಆಯಿತು. ಕಸದ ಆಟೋಗೂ ಹಾಕಲಿಲ್ಲ, ಪಾಯಕ್ಕೂ ತುಂಬಿಸಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಟ್ಟಿದ್ದೇನೆ. ಅವರ ಉತ್ತರ ಬರುವವರೆಗೆ ಶೀಟಿನ ಕಟ್ಟು ಹಿತ್ತಲಿನ ಮೂಲೆಯಲ್ಲಿ, ಮೇಲೆ ದಪ್ಪ ಅಕ್ಷರದಲ್ಲಿ "ಕಲ್ನಾರು, ಬಿಚ್ಚಬೇಡಿ" ಎಂದು ಬರೆದು.

ಬಚ್ಚಲ ಗೋಡೆಯೊಳಗಿನ ಹಳೇ ಸಿಮೆಂಟ್ ಪೈಪನ್ನು ಮಾತ್ರ ಹಾಗೇ ಬಿಟ್ಟೆ. ಗಟ್ಟಿಯಾಗಿದೆ, ಸೋರುತ್ತಿಲ್ಲ, ಕೀಳಬೇಕಾದರೆ ಒಡೆಯಲೇಬೇಕು. ಹೊರಗೆ ಕಾಣುವಷ್ಟಕ್ಕೆ ಪೇಂಟು ಹೊಡೆಸಿ, ಅದು ಹೋಗಿರುವ ದಾರಿಯನ್ನು ಗೋಡೆಯ ಮೇಲೆ ಗುರುತು ಹಾಕಿ, ಗೀಜರ್ ಕೂರಿಸುವವನಿಗೆ ಆ ಕಡೆ ಡ್ರಿಲ್ ಹಾಕಬೇಡ ಅಂತ ಹೇಳಿದ್ದೇನೆ.