ಕ್ರಾಸ್ ಕಂಪೈಲರ್ ಕಟ್ಟಿಕೊಂಡು ಕರ್ನಲ್ ಪೋರ್ಟ್ ಮಾಡಿದ ಅನುಭವ

ನಾನು ಬರೆದ ಪುಟ್ಟ ಕರ್ನಲ್ (ಓಎಸ್‌ನ ತಿರುಳು) ಬಹಳ ದಿನ 64 ಬಿಟ್ ಎಕ್ಸ್86 ಯಂತ್ರದಲ್ಲಿ ಮಾತ್ರ ಓಡುತ್ತಿತ್ತು. ಅದನ್ನು ರಿಸ್ಕ್-ಫೈವ್ ಎಂಬ ಬೇರೆ ಬಗೆಯ ಚಿಪ್‌ಗೆ ಪೋರ್ಟ್ ಮಾಡಬೇಕು, ಅಂದರೆ ಅಲ್ಲೂ ಓಡುವಂತೆ ಬದಲಿಸಬೇಕು ಅನ್ನಿಸಿತು. ಹೊಸ ಯಂತ್ರದಲ್ಲಿ ಓಎಸ್ಸೇ ಇಲ್ಲ, ಇನ್ನು ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಲ್ಲಿಂದ ಬರಬೇಕು? ನನ್ನ ಲ್ಯಾಪ್‌ಟಾಪ್‌ನಲ್ಲೇ ಓಡಿ, ಆ ಚಿಪ್‌ಗೆ ಬೇಕಾದ ಕೋಡ್ ಕೊಡುವ ಕ್ರಾಸ್ ಕಂಪೈಲರ್ ಬೇಕಾಯಿತು.

ಮೊದಲು ಬಿನ್‌ಯುಟಿಲ್ಸ್ (ಅಸೆಂಬ್ಲರ್, ಲಿಂಕರ್ ಮುಂತಾದ ಸಾಧನಗಳ ಗುಂಪು) ಕಟ್ಟಿದೆ. ಹೊಸ ಚಿಪ್‌ನ ಅಸೆಂಬ್ಲರ್ ಇಲ್ಲದಿದ್ದರೆ ಜಿಸಿಸಿ ಕಂಪೈಲರ್ ತನ್ನದೇ ಸಹಾಯಕ ಲೈಬ್ರರಿಯಾದ ಲಿಬ್‌ಜಿಸಿಸಿಯನ್ನೂ ಕಟ್ಟಿಕೊಳ್ಳಲಾರದು. ಆಮೇಲೆ ಜಿಸಿಸಿ. ಸಿ ಲೈಬ್ರರಿ ಇನ್ನೂ ಇಲ್ಲವಲ್ಲ, ಅದಕ್ಕೆ ಹೆಡರ್‌ಗಳು ಬೇಡ ಎಂದು ಕಾನ್ಫಿಗರ್ ಮಾಡಿ, ಕಂಪೈಲರ್ ಮತ್ತು ಲಿಬ್‌ಜಿಸಿಸಿ ಎರಡನ್ನೇ ಕಟ್ಟಿದೆ. ಲ್ಯಾಪ್‌ಟಾಪ್‌ನ ಮೂಲ ಕಂಪೈಲರ್ ಜೊತೆ ಬೆರೆಯದಂತೆ ಎಲ್ಲವನ್ನೂ ಹೋಮ್ ಫೋಲ್ಡರ್‌ನ ಒಂದು ಮೂಲೆಯಲ್ಲಿ ಇಟ್ಟುಕೊಂಡೆ.

ಮೊದಲ ಪೆಟ್ಟು ಬಿದ್ದದ್ದು, ಏನನ್ನು ಹೇಗೆ ಕಟ್ಟಬೇಕು ಎಂದು ಬರೆದಿಡುವ ಮೇಕ್‌ಫೈಲ್‌ನಲ್ಲಿ. ರ‍್ಯಾಮ್‌ಡಿಸ್ಕ್ (ಮೆಮೊರಿಯಲ್ಲೇ ಇರುವ ಡಿಸ್ಕ್) ತಯಾರಿಸುವ ನನ್ನ ಸಣ್ಣ ಪ್ರೋಗ್ರಾಂ ಕೂಡ ರಿಸ್ಕ್-ಫೈವ್ ಬೈನರಿ ಆಗಿಬಿಟ್ಟಿತ್ತು. ಅದು ಓಡಬೇಕಾದ್ದು ಲ್ಯಾಪ್‌ಟಾಪ್‌ನಲ್ಲಿ ಅಲ್ವಾ? ಅಂಥವಕ್ಕೆ ಬೇರೆ ಕಂಪೈಲರ್ ವೇರಿಯಬಲ್ ಇಟ್ಟೆ.

ನಂತರ ಕೋಡ್ ತುಂಡುಗಳನ್ನು ಜೋಡಿಸುವ ಲಿಂಕರ್ ತಕರಾರು ತೆಗೆಯಿತು: ರಿಲೊಕೇಶನ್ (ಕೋಡ್‌ನಲ್ಲಿ ತುಂಬಬೇಕಾದ ವಿಳಾಸ) ಅದರ ಜಾಗದಲ್ಲಿ ಹಿಡಿಸುತ್ತಿಲ್ಲ. ನನ್ನ ಕರ್ನಲ್ ಓಡಬೇಕಿದ್ದದ್ದು ನಕಲು ಯಂತ್ರ ಓಡಿಸುವ ಕ್ಯೂಎಮು ಪ್ರೋಗ್ರಾಂನ ‘ವರ್ಟ್’ ಯಂತ್ರದಲ್ಲಿ; ಅಲ್ಲಿ ರ‍್ಯಾಮ್ ಶುರುವಾಗುವುದೇ 2 ಜಿಬಿ ವಿಳಾಸದಿಂದ. ಸಾಮಾನ್ಯವಾಗಿ ಡಿಫಾಲ್ಟ್ ಆಗಿರುವ ‘ಮೆಡ್‌ಲೋ’ ಮಾಡೆಲ್ (ಕೋಡ್ ಯಾವ ವಿಳಾಸಗಳನ್ನು ಮುಟ್ಟಬಹುದು ಎಂಬ ಕಂಪೈಲರ್ ಆಯ್ಕೆ) ಸೊನ್ನೆಯ ಆಚೀಚೆ 2 ಜಿಬಿ ಮಾತ್ರ ಮುಟ್ಟುತ್ತದೆ. ಅದರ ಬದಲು ‘ಮೆಡ್‌ಎನಿ’ ಕೊಟ್ಟ ಮೇಲೆ ಲಿಂಕ್ ಆಯಿತು.

ನಿಜವಾಗಿ ಕಾಡಿದ್ದು ಇದಾದ ಮೇಲೆ. ಕರ್ನಲ್ ಬೂಟ್ ಆಯಿತು, ಪ್ರಾಂಪ್ಟ್ ಬಂತು. ಆದರೆ ನಾನು ಕೀಲಿ ಮುಟ್ಟುವ ಮೊದಲೇ ಕನ್ಸೋಲ್ ತುಂಬ ಕಸ ಸುರಿಯತೊಡಗಿತು. ಕನ್ಸೋಲ್‌ನ ಅಕ್ಷರಗಳನ್ನು ಸಾಗಿಸುವ ಯುಆರ್ಟ್‌ನ ಡ್ರೈವರ್ ತಪ್ಪಿರಬೇಕು ಎಂದು ಎರಡು ದಿನ ಅದರ ರಿಜಿಸ್ಟರ್‌ಗಳನ್ನೇ ನೋಡುತ್ತಾ ಕೂತೆ. ಡ್ರೈವರ್ ಸರಿಯಾಗೇ ಇತ್ತು.

ತಪ್ಪು ಇದ್ದದ್ದು ಅದನ್ನು ಕರೆಯುವ ಸಾಲಿನಲ್ಲಿ. ಅಕ್ಷರ ಬಂದಿಲ್ಲದಿದ್ದರೆ ಡ್ರೈವರ್ −1 ಕೊಡುತ್ತದೆ. ನಾನು ಅದನ್ನು ಒಂದೇ ಬೈಟ್‌ನ ‘ಚಾರ್’ ವೇರಿಯಬಲ್‌ನಲ್ಲಿ ಹಾಕಿ −1 ಜೊತೆ ಹೋಲಿಸುತ್ತಿದ್ದೆ. ಬರೀ ‘ಚಾರ್’ಗೆ ಚಿಹ್ನೆ ಇದೆಯೋ ಇಲ್ಲವೋ (ಅಂದರೆ ಅದು ಋಣ ಸಂಖ್ಯೆ ಹಿಡಿಯಬಲ್ಲದೋ ಇಲ್ಲವೋ) ಎಂಬುದನ್ನು ಸಿ ಭಾಷೆ ಆಯಾ ಪ್ಲಾಟ್‌ಫಾರ್ಮ್‌ಗೆ ಬಿಟ್ಟಿದೆ. ಎಕ್ಸ್86ರಲ್ಲಿ ಇದೆ, ರಿಸ್ಕ್-ಫೈವ್‌ನಲ್ಲಿ ಇಲ್ಲ. ಹಾಗಾಗಿ ಇಲ್ಲಿ −1 ಹೋಗಿ 255 ಆಯಿತು. ಹೋಲಿಕೆ ಎಂದೂ ನಿಜವಾಗುವುದಿಲ್ಲ, ಕಾಯಬೇಕಾದ ಲೂಪ್ ಕಾಯುವುದೇ ಇಲ್ಲ.

ಅನುಮಾನ ಬಂದಾಗ ‘ಚಾರ್’ಗೆ ಚಿಹ್ನೆ ಇರಲಿ ಎಂಬ ಫ್ಲ್ಯಾಗ್ ಕೊಟ್ಟು ನೋಡಿದೆ. ಕಸ ಮಾಯ. ಆದರೂ ಆ ಫ್ಲ್ಯಾಗ್ ಉಳಿಸಿಕೊಳ್ಳಲಿಲ್ಲ. ಉಳಿಸಿದ್ದರೆ ನಿಜವಾಗಿ ಬಂದ 255ರ ಬೈಟ್ ಕೂಡ ‘ಏನೂ ಬಂದಿಲ್ಲ’ ಎಂದೇ ಕಾಣುತ್ತಿತ್ತು. ಆ ಗೊಂದಲ ಹಳೆಯ ಯಂತ್ರದಲ್ಲೂ ಇತ್ತು, ನನಗೆ ಕಂಡಿರಲಿಲ್ಲ ಅಷ್ಟೇ. ವೇರಿಯಬಲ್ಲನ್ನೇ, −1 ಮತ್ತು 255 ಎರಡನ್ನೂ ಬೇರೆಬೇರೆಯಾಗಿ ಹಿಡಿಯುವ ‘ಇಂಟ್’ ಮಾಡಿದೆ. ಹೆಚ್ಚುವರಿ ವಾರ್ನಿಂಗ್‌ಗಳನ್ನು ಆನ್ ಮಾಡಿದರೆ ಇಂಥ ಹೋಲಿಕೆಯನ್ನು ಜಿಸಿಸಿಯೇ ತೋರಿಸುತ್ತದೆ. ಆನ್ ಮಾಡಿದೆ, ಇನ್ನೂ ಮೂರು ಕಡೆ ಇದೇ ತಪ್ಪು ಸಿಕ್ಕಿತು.

ಎಲ್ಲ ಸರಿ ಮಾಡಿ ಮತ್ತೆ ಬೂಟ್ ಮಾಡಿದೆ. ಪ್ರಾಂಪ್ಟ್ ಸುಮ್ಮನೆ ಕಾಯುತ್ತಿತ್ತು. ಒಂದು ಕೀಲಿ ಒತ್ತಿದೆ. ಒಂದೇ ಅಕ್ಷರ ಬಂತು.