‘ಗ್ರಾಫಿಕ್ಸ್ ಸರಿಯಿಲ್ಲ’ ಅನ್ನುವ ಮೊದಲು ನಾನು ನೋಡುವುದು

ಸೈನ್ಸ್ ಫಿಕ್ಷನ್ ಆಕ್ಷನ್ ಸಿನಿಮಾಗಳ ಬಗ್ಗೆ ಬರೆಯುವಾಗ ‘ಗ್ರಾಫಿಕ್ಸ್ ಸರಿಯಿಲ್ಲ’ ಎಂಬ ಮಾತನ್ನು ನಾನು ಕೈಬಿಟ್ಟಿದ್ದೇನೆ. ಆ ಮಾತಿನಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಕೆಟ್ಟಿದ್ದು ಬೆಳಕೋ, ತೂಕವೋ, ಎಡಿಟಿಂಗೋ, ಕಥೆಯ ಕಟ್ಟುಪಾಡೋ? ಅಥವಾ ನಾವು ಕೂತ ಥಿಯೇಟರಿನ ಪ್ರೊಜೆಕ್ಟರೋ? ಇದನ್ನು ಬಿಡಿಸಿ ನೋಡುವುದಕ್ಕೆ ನಾನು ಮಾಡಿಕೊಂಡ ಕ್ರಮ ಹೀಗಿದೆ.

ಮೊದಲು ಪರದೆ. 2ಡಿ ಚಿತ್ರಕ್ಕೆ ಪರದೆಯ ಮೇಲೆ 14 ಫುಟ್‌ಲ್ಯಾಂಬರ್ಟ್ (ಪರದೆಯ ಬೆಳಕಿನ ಅಳತೆ) ಬೆಳಕು ಇರಬೇಕು ಅನ್ನುವುದು ಡಿಜಿಟಲ್ ಸಿನಿಮಾದ ಮಾನದಂಡ. 3ಡಿಯಲ್ಲಿ, ಕನ್ನಡಕ ಹಾಕಿಕೊಂಡ ಮೇಲೆ, ಅದರ ಅರ್ಧವೂ ಕಣ್ಣಿಗೆ ಬರುವುದು ಅಪರೂಪ. 3ಡಿ ಆಟ ಮುಗಿದ ಮೇಲೆ ಲೆನ್ಸಿನ ಮುಂದಿನ ಫಿಲ್ಟರನ್ನು ತೆಗೆಯದೆ ಬಿಟ್ಟರೆ ಮುಂದಿನ 2ಡಿ ಆಟವೂ ಮಬ್ಬು. ಅದಕ್ಕೇ ಜಾಹೀರಾತು ಓಡುವಾಗಲೇ ಬಿಳಿ ಅಕ್ಷರಗಳನ್ನು ನೋಡುತ್ತೇನೆ. ತೊಳೆದ ಪಂಚೆಯ ಬಿಳಿಯ ಬದಲು ಬೂದಿ ಬಣ್ಣ ಕಂಡರೆ ಆಗಲೇ ಎದ್ದು ಹೋಗಿ ಮ್ಯಾನೇಜರಿಗೆ ಹೇಳಬೇಕು, ಇಂಟರ್ವಲ್‌ವರೆಗೆ ಕಾದರೆ ಅರ್ಧ ಸಿನಿಮಾ ಹೋಯಿತು.

ಚೌಕಟ್ಟೂ ಅಷ್ಟೇ ಮುಖ್ಯ. 2024ರ ‘ಡ್ಯೂನ್: ಪಾರ್ಟ್ ಟೂ’ ಬೆಂಗಳೂರಿನ ಐಮ್ಯಾಕ್ಸ್ ಪರದೆಗಳಲ್ಲಿ 1.90:1 ಅನುಪಾತದಲ್ಲಿತ್ತು (ಅಗಲ : ಎತ್ತರ), ಮಾಮೂಲಿ ಪರದೆಯಲ್ಲಿ 2.39:1. ಲೆಕ್ಕ ಹಾಕಿದರೆ ಮಾಮೂಲಿ ಪರದೆಯಲ್ಲಿ ಎತ್ತರದ ಸುಮಾರು ಐದನೇ ಒಂದು ಭಾಗ ಇಲ್ಲ. ಮರಳುಗಾಡಿನ ದೈತ್ಯ ಹುಳದ ಎತ್ತರವೇ ವಿಷಯವಾಗಿರುವ ಸಿನಿಮಾದಲ್ಲಿ ಯಾವ ಪರದೆಯಲ್ಲಿ ನೋಡಿದೆ ಅನ್ನುವುದನ್ನು ಬರೆಯದೆ ‘ಭವ್ಯತೆ ಸಾಲದು’ ಅಂದರೆ ಅದು ಅನ್ಯಾಯ. 2023ರ ‘ದಿ ಕ್ರಿಯೇಟರ್’ ಇನ್ನೂ ಅಗಲ, 2.76:1. ಅದರಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡರೆ ಥಿಯೇಟರಿನವರ ಮೇಲೆ ರೇಗಬೇಡಿ.

ಕತ್ತಲಲ್ಲಿ ಮೊಬೈಲ್ ತೆಗೆಯುವುದಿಲ್ಲ. ಚಿಕ್ಕ ನೋಟ್‌ಬುಕ್, ಪೆನ್ನು, ಒಂದು ಸಾಲಿಗೆ ಒಂದೇ ಪದ. ಮೂರು ಗಂಟೆಯ ಸಿನಿಮಾಕ್ಕೆ 15 ಸಾಲು ಸಾಕು. ಹೆಚ್ಚು ಬರೆದರೆ ಬರೆಯುವುದೇ ಆಯಿತು, ನೋಡಿದ್ದು ಕಡಿಮೆ.

ಈಗ ತೂಕ. ದೊಡ್ಡ ಪ್ರಾಣಿ, ದೊಡ್ಡ ಯಂತ್ರ ಸುಳ್ಳೆನಿಸಲು ಮುಖ್ಯ ಕಾರಣ ಇದೇ. ಎತ್ತರವನ್ನು ಮೀಟರಿನಲ್ಲಿ ಹಿಡಿದು 4.9ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆ ಎತ್ತರದಿಂದ ಕಳಚಿದ ವಸ್ತು ನೆಲ ಮುಟ್ಟಲು ಬೇಕಾದ ಸೆಕೆಂಡುಗಳು ಸಿಗುತ್ತವೆ. 30 ಮೀಟರಿಗೆ 2.5 ಸೆಕೆಂಡು. ‘ಗಾಡ್ಜಿಲ್ಲಾ ಮೈನಸ್ ಒನ್’ (2023) ಸಿನಿಮಾದ ಗಾಡ್ಜಿಲ್ಲಾ 50.1 ಮೀಟರ್, ಅದರ ತಲೆಯ ಮಟ್ಟದಿಂದ ಕಳಚಿದ ಕಲ್ಲು ಬೀಳಲು 3.2 ಸೆಕೆಂಡು ಬೇಕು. ಅದೇ ಕಲ್ಲು ಒಂದೂವರೆ ಸೆಕೆಂಡಿನಲ್ಲಿ ಬಿದ್ದರೆ ನಮ್ಮ ಮಿದುಳು ಗೊತ್ತಿಲ್ಲದೆಯೇ ಅದನ್ನು 11 ಮೀಟರಿನ ಗೊಂಬೆ ಎಂದು ಎಣಿಸಿಬಿಡುತ್ತದೆ. ‘ಏನೋ ಸರಿಯಿಲ್ಲ’ ಅನಿಸುವುದು ಅಲ್ಲೇ. ಸ್ಲೋ ಮೋಷನ್ ಶಾಟುಗಳನ್ನೂ ಸ್ಫೋಟದಲ್ಲಿ ಸಿಡಿದ ಚೂರುಗಳನ್ನೂ ಈ ಲೆಕ್ಕಕ್ಕೆ ಹಿಡಿಯಬಾರದು, ಸಿಡಿದದ್ದಕ್ಕೆ ಮೊದಲೇ ವೇಗ ಇರುತ್ತದೆ.

ಆ ಗಾಡ್ಜಿಲ್ಲಾ ಸಿನಿಮಾದಲ್ಲಿ ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ಮಾಡಿದ ದೃಶ್ಯ ಪರಿಣಾಮ) ಶಾಟುಗಳು 610, ಕೆಲಸ ಮಾಡಿದ ಕಲಾವಿದರು 35 ಜನ, 2024ರಲ್ಲಿ ಆಸ್ಕರ್. ದುಡ್ಡು ಕಡಿಮೆ ಅನ್ನುವುದನ್ನೇ ಎಲ್ಲರೂ ಹಾಡಿ ಹೊಗಳಿದರು. ನನ್ನ ಮಟ್ಟಿಗೆ ಗುಟ್ಟು ಬೇರೆ: ನಿರ್ದೇಶಕ ತಕಾಶಿ ಯಮಾಝಾಕಿಯೇ ವಿಎಫ್‌ಎಕ್ಸ್ ಮೇಲ್ವಿಚಾರಕರೂ ಹೌದು. ತಿದ್ದುಪಡಿ ಹತ್ತು ಕೈ ದಾಟಿ ಬರಬೇಕಿರಲಿಲ್ಲ. ಗಾಡ್ಜಿಲ್ಲಾ ಮರದ ದೋಣಿಯನ್ನು ಅಟ್ಟಿಸಿಕೊಂಡು ಬರುವ ದೃಶ್ಯವನ್ನು ನಿಜವಾದ ಸಮುದ್ರದಲ್ಲೇ ತೆಗೆದದ್ದರಿಂದ ನಟರ ಕಾಲುಗಳು ದೋಣಿಯ ಓಲಾಟಕ್ಕೆ ತಕ್ಕಂತೆ ಬಾಗುತ್ತವೆ. ಹಿಂದೆ ಗಾಡ್ಜಿಲ್ಲಾ ಇಲ್ಲದಿದ್ದರೂ ಆ ಕಾಲುಗಳು ಸುಳ್ಳು ಹೇಳುತ್ತಿರಲಿಲ್ಲ.

ಬೆಳಕಿಗೆ ಬಂದರೆ ಒಂದೇ ಪರೀಕ್ಷೆ: ಕಪ್ಪನ್ನು ಹೋಲಿಸಿ ನೋಡುವುದು. ಆಗುಂಬೆಯ ಬೆಟ್ಟದ ಸಾಲು ನೆನಪಿಸಿಕೊಳ್ಳಿ, ದೂರ ಹೋದಂತೆ ಹಸಿರು ತಿಳಿಯಾಗಿ ನೀಲಿಗೆ ತಿರುಗುತ್ತದೆ. ಎರಡು ಕಿಲೋಮೀಟರ್ ಆಚೆಯ ಹಡಗಿನ ನೆರಳು ಎದುರಿಗೆ ನಿಂತ ನಾಯಕನ ತಲೆಗೂದಲಿಗಿಂತ ಕಪ್ಪಾಗಿದ್ದರೆ ಅದು ಅಂಟಿಸಿದ ಚಿತ್ರವೇ ಸರಿ. ‘ದಿ ಕ್ರಿಯೇಟರ್’ ಈ ಪರೀಕ್ಷೆಯಲ್ಲಿ ಎಡವುವುದೇ ಇಲ್ಲ. ಮದುವೆ ವಿಡಿಯೋದವರೂ ಕೊಳ್ಳಬಹುದಾದ ಸೋನಿ ಎಫ್‌ಎಕ್ಸ್3 ಕ್ಯಾಮೆರಾದಲ್ಲಿ, ಹೆಚ್ಚಾಗಿ ನಿಜವಾದ ಊರುಗಳಲ್ಲಿ, ಸಿಕ್ಕ ಬೆಳಕನ್ನೇ ನೆಚ್ಚಿ ತೆಗೆದು, ಆಮೇಲೆ ಆ ಚಿತ್ರದ ಮೇಲೆ ರೋಬೋಗಳನ್ನೂ ಕಟ್ಟಡಗಳನ್ನೂ ಬಿಡಿಸಿದರು. ವೆಚ್ಚ 8 ಕೋಟಿ ಡಾಲರ್. ಕಣ್ಣಿಗೆ ಹಬ್ಬ, ಕಥೆ ಮಾತ್ರ ಹಳಸಲು. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಬೇಕಾಗುವುದು ಇಂಥ ಸಿನಿಮಾಗಳಿಗೇ.

ಎಡಿಟಿಂಗನ್ನು ಥಿಯೇಟರಿನಲ್ಲಿ ಅಳೆಯಲಾಗದು, ಮನೆಗೆ ಬಂದ ಮೇಲಿನ ಕೆಲಸ. ಹೊಡೆದಾಟದ ಎರಡು ನಿಮಿಷ ಹಾಕಿಕೊಂಡು ಪ್ರತಿ ಕಟ್‌ಗೂ ಕಾಗದದ ಮೇಲೆ ಒಂದು ಗೀಟು. 60 ಗೀಟು ಬಿದ್ದರೆ ಸರಾಸರಿ ಶಾಟು ಎರಡು ಸೆಕೆಂಡು. ಆದರೆ ವೇಗವೊಂದೇ ದೋಷವಲ್ಲ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ನ ಎರಡು ಗಂಟೆಯಲ್ಲಿ ಸುಮಾರು 2,700 ಶಾಟುಗಳಿವೆ, ಆದರೂ ಯಾರು ಯಾರನ್ನು ಹೊಡೆದರು ಅನ್ನುವುದು ತಪ್ಪುವುದಿಲ್ಲ. ಯಾಕೆಂದು ತಿಳಿಯಲು ಟಿವಿಯ ನಟ್ಟನಡುವೆ ಚಿಕ್ಕ ಟೇಪಿನ ತುಂಡು ಅಂಟಿಸಿ ನೋಡಿ. ನೋಡಬೇಕಾದ ಮುಖ, ಕೈ, ಬಂದೂಕು ಕಟ್ ಆದ ಮೇಲೂ ಆ ಟೇಪಿನ ಸುತ್ತಮುತ್ತಲೇ ಇರುತ್ತದೆ, ಕಣ್ಣು ಹುಡುಕಾಡಬೇಕಿಲ್ಲ. ಇದೇ ಟೇಪನ್ನು ಬೇರೆ ಸಿನಿಮಾಗಳಿಗೂ ಹಚ್ಚಿ. ಕಣ್ಣು ಎಡಮೂಲೆಯಿಂದ ಬಲಮೂಲೆಗೆ ಜಿಗಿಯುವಷ್ಟರಲ್ಲಿ ಶಾಟೇ ಮುಗಿದಿರುತ್ತದೆ. ‘ತಲೆನೋವು ಬಂತು’ ಅನ್ನುವ ದೂರಿಗೆ ಕಾರಣ ಇದು, ಗ್ರಾಫಿಕ್ಸ್ ಅಲ್ಲ.

ಕೊನೆಯದು ಆ ಲೋಕದ ನಿಯಮ. ‘ಡ್ಯೂನ್’ನಲ್ಲಿ ಮೈ ಸುತ್ತಲಿನ ಶಕ್ತಿ ಕವಚ ವೇಗದ ಏಟನ್ನು ತಡೆಯುತ್ತದೆ, ನಿಧಾನವಾಗಿ ಒತ್ತಿದ ಚೂರಿಯನ್ನು ಒಳಗೆ ಬಿಡುತ್ತದೆ. ಅಷ್ಟು ಮುಂದುವರಿದ ಕಾಲದಲ್ಲೂ ಚೂರಿ ಕಾಳಗ ಯಾಕೆ ಅನ್ನುವುದಕ್ಕೆ ಒಂದೇ ನಿಯಮ ಉತ್ತರ ಕೊಡುತ್ತದೆ. ‘ಕಲ್ಕಿ 2898 ಎಡಿ’ಯಲ್ಲಿ (2024) ಒಣಗಿದ ಕಾಶಿ, ಮೇಲೆ ತಲೆಕೆಳಗಾದ ಪಿರಮಿಡ್ಡಿನಂಥ ಕಾಂಪ್ಲೆಕ್ಸ್ ಇವೆ. ಕೆಳಗಿದ್ದುದನ್ನೆಲ್ಲ ಅದು ಹೀರಿಕೊಂಡಿದೆ ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ, ಗಟ್ಟಿ ಕಲ್ಪನೆ. ನಾಯಕನ ವಾಹನ ಬುಜ್ಜಿಯನ್ನು ನಿಜವಾಗಿ ಓಡುವ ಗಾಡಿಯಾಗಿಯೇ ಕಟ್ಟಿದ್ದೂ ತೂಕದ ಲೆಕ್ಕದಲ್ಲಿ ಲಾಭ. ಆದರೆ ನಮಗೆಲ್ಲ ಗೊತ್ತಿರುವ ನಿರ್ದೇಶಕರು ಅತಿಥಿ ಪಾತ್ರವಾಗಿ ಬಂದು ನಗಿಸಿದ ಕೂಡಲೇ 2898ನೇ ಇಸವಿ ಕರಗಿ 2024 ಕಾಣುತ್ತದೆ. ಅಶ್ವತ್ಥಾಮನ ಭಾಗಗಳಲ್ಲಿ ಈ ತೊಂದರೆ ಇಲ್ಲ.

ಮನೆಯಲ್ಲಿ ನೋಡುವವರಿಗೆ ಒಂದು ಮಾತು: ಟಿವಿಯ ಸೆಟ್ಟಿಂಗ್ಸಿನಲ್ಲಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಅದು ಸಿನಿಮಾದ ಸೆಕೆಂಡಿಗೆ 24 ಫ್ರೇಮುಗಳ ನಡುವೆ ತಾನೇ ಫ್ರೇಮು ಹುಟ್ಟಿಸಿ ತುಂಬುತ್ತದೆ, ಆಗ 20 ಕೋಟಿ ಡಾಲರಿನ ಸಿನಿಮಾವೂ ಸಂಜೆಯ ಸೀರಿಯಲ್ಲಿನ ಹಾಗೆ ಕಾಣುತ್ತದೆ.